ಹನ್ನೆರಡು ಕನ್ಸೋಲ್, ಹೊಟ್ಟೆ ಬಿಟ್ಟ ಒಂದು ಶೆಲ್ಫ್: ಕಡಿಮೆ ಖರ್ಚಿನಲ್ಲಿ ನಾನೇ ಮಾಡಿಕೊಳ್ಳುವುದು ಹೇಗೆ?

ಎಂಟುಬಿಟ್:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಈಗ ಹನ್ನೆರಡು ಕನ್ಸೋಲ್ (ಟಿವಿಗೆ ಸಿಕ್ಕಿಸಿ ಆಡುವ ವಿಡಿಯೊ ಗೇಮ್ ಯಂತ್ರ) ಆಗಿವೆ. ಫ್ಯಾಮಿಕಾಮ್, ಮೆಗಾ ಡ್ರೈವ್, ಸೂಪರ್ ನಿಂಟೆಂಡೊ, ನಿಂಟೆಂಡೊ 64, ಮೊದಲ ಪ್ಲೇಸ್ಟೇಷನ್, ಡ್ರೀಮ್‌ಕಾಸ್ಟ್, ದಪ್ಪನೆಯ ಪಿಎಸ್ 2 (ಪಿಎಸ್ ಅಂದರೆ ಪ್ಲೇಸ್ಟೇಷನ್), ಗೇಮ್‌ಕ್ಯೂಬ್, ಮೊದಲ ಎಕ್ಸ್‌ಬಾಕ್ಸ್, ವೀ, ದಪ್ಪನೆಯ ಪಿಎಸ್ 3, ಪಿಎಸ್ 5. ಇಷ್ಟು ದಿನ ಎಲ್ಲವೂ ಒಂದು ಪುಸ್ತಕದ ಕಪಾಟಿನಲ್ಲಿ ಒಂದರ ಮೇಲೊಂದು ಕೂತಿದ್ದವು. ಕಪಾಟು ಪಾರ್ಟಿಕಲ್ ಬೋರ್ಡಿನದು (ಮರದ ಪುಡಿ ಒತ್ತಿ ಮಾಡಿದ ಹಲಗೆ), ಹಲಗೆ ನಾಲ್ಕಡಿ ಉದ್ದ. ಮೊನ್ನೆ ಧೂಳು ಒರೆಸಲು ಹೋದಾಗ ನೋಡಿದರೆ ನಡುವಿನ ಹಲಗೆ ಹೊಟ್ಟೆ ಬಿಟ್ಟುಕೊಂಡಿದೆ. ತುದಿಯಲ್ಲಿ ಒಂದು ಗೋಲಿ ಇಟ್ಟರೆ ತಾನೇ ಉರುಳಿಕೊಂಡು ಬಂದು ಪಿಎಸ್ 3ಕ್ಕೆ ಠಕ್ ಅಂತ ಬಡಿದು ನಿಲ್ಲುತ್ತದೆ. ನಗು ಬಂತು, ಆಮೇಲೆ ಭಯವೂ ಆಯಿತು.

ಹೊಸ ಡಿಸ್‌ಪ್ಲೇ ಕಪಾಟು ಕೊಳ್ಳುವಷ್ಟು ದುಡ್ಡು ಈಗಿಲ್ಲ, ಇದ್ದ ದುಡ್ಡೆಲ್ಲ ಕನ್ಸೋಲ್‌ಗೇ ಹೋಯಿತು, ನಿಮಗೆಲ್ಲ ಗೊತ್ತಿರುವ ಕಥೆಯೇ. ಬಾಡಿಗೆ ಮನೆ, ಗೋಡೆಗೆ ತೂತು ಹೊಡೆಯುವ ಹಾಗಿಲ್ಲ. ನನ್ನ ಬಳಿ ಒಂದು ಸಣ್ಣ ಡ್ರಿಲ್, ಒಂದು ಟೇಪು, ಒಂದು ಸ್ಕ್ರೂಡ್ರೈವರ್ ಇದೆ, ಅಷ್ಟೇ. ಹನ್ನೆರಡರಲ್ಲಿ ಐದನ್ನು ನಿಜಕ್ಕೂ ಆಡುತ್ತೇನೆ: ಮೆಗಾ ಡ್ರೈವ್, ಡ್ರೀಮ್‌ಕಾಸ್ಟ್, ಮೂರು ಪ್ಲೇಸ್ಟೇಷನ್ (2, 3, 5). ಉಳಿದವು ಸುಮ್ನೆ ಕಣ್ಣಿಗೆ ಚೆಂದ. ಮರಗೆಲಸದ ಅನುಭವ ಸೊನ್ನೆ. ಎಲ್ಲಿಂದ ಶುರು ಮಾಡಲಿ?

ಉಳಿಬಾಚಿ:

ಮೊದಲು ನಿಮ್ಮ ಹಳೆ ಕಪಾಟು ಯಾಕೆ ಬಾಗಿತು ಅಂತ ತಿಳಿದುಕೊಳ್ಳಿ, ಇಲ್ಲದಿದ್ದರೆ ಹೊಸದೂ ಬಾಗುತ್ತದೆ. ಪಾರ್ಟಿಕಲ್ ಬೋರ್ಡ್ ಮೆತ್ತಗಿನದು, ನಿಜ. ಆದರೆ ದೊಡ್ಡ ತಪ್ಪು ಆ ನಾಲ್ಕಡಿ ಉದ್ದದ್ದು. ಎರಡು ಆಧಾರದ ನಡುವಿನ ಅಂತರ ಎರಡು ಪಟ್ಟಾದರೆ, ಅದೇ ತೂಕಕ್ಕೆ ಹಲಗೆ ಎಂಟು ಪಟ್ಟು ಬಾಗುತ್ತದೆ. ಜಾಗ ಇದೆ ಅಂತ ತೂಕವನ್ನೂ ಎರಡು ಪಟ್ಟು ಇಡುತ್ತೀರಲ್ಲ, ಆಗ ಹದಿನಾರು ಪಟ್ಟು. ದಪ್ಪದ ಲೆಕ್ಕವೂ ಹೀಗೇ, ಆದರೆ ನಮ್ಮ ಪರವಾಗಿ: 12 ಮಿ.ಮೀ. ಬದಲು 18 ಮಿ.ಮೀ. ಪ್ಲೈವುಡ್ ಹಾಕಿದರೆ ಮೂರು ಪಟ್ಟಿಗಿಂತ ಜಾಸ್ತಿ ಗಟ್ಟಿ. ಹಾಗಾಗಿ 18 ಮಿ.ಮೀ. ಪ್ಲೈ, ಅಂತರ 80 ಸೆಂ.ಮೀ. ದಾಟಬಾರದು. ಇಷ್ಟು ಪಾಲಿಸಿದರೆ ಒಂದು ಹಲಗೆ ಮೇಲೆ ಹದಿನೈದು ಕೆಜಿ ಇಟ್ಟರೂ ಕಣ್ಣಿಗೆ ಕಾಣುವಂತೆ ಬಾಗುವುದಿಲ್ಲ. ದಪ್ಪನೆಯ ಪಿಎಸ್ 3 ಐದು ಕೆಜಿ ಹತ್ತಿರ ತೂಗುತ್ತದೆ, ಅದಕ್ಕೇ ಗೋಲಿ ಅದರ ಕಡೆ ಓಡಿದ್ದು.

ಈಗ ಕಡಿಮೆ ಖರ್ಚಿನ ವಿಷಯ. ಪ್ಲೈವುಡ್ ಹಾಳೆ 2440 × 1220 ಮಿ.ಮೀ. ಬರುತ್ತದೆ, ಅಂದರೆ 8 × 4 ಅಡಿ. ಒಂದೇ ಹಾಳೆಯಲ್ಲಿ ನಿಮ್ಮ ಕೆಲಸ ಮುಗಿಯುತ್ತದೆ, ಹೆಚ್ಚೇನೂ ವೇಸ್ಟ್ ಇಲ್ಲದೆ. ಉದ್ದಕ್ಕೆ 40 ಸೆಂ.ಮೀ. ಅಗಲದ ಮೂರು ಪಟ್ಟಿ ಸೀಳಿಸಿ. ಗರಗಸ ಪ್ರತಿ ಸಲ 3 ಮಿ.ಮೀ. ತಿನ್ನುತ್ತದೆ, ಅದನ್ನು ಕಳೆದರೂ ಸಾಕಾಗುತ್ತದೆ. ಒಂದು ಪಟ್ಟಿಯನ್ನು ಎರಡು ಮಾಡಿದರೆ 120 ಸೆಂ.ಮೀ. ಎತ್ತರದ ಎರಡು ಪಕ್ಕದ ಹಲಗೆ. ಉಳಿದೆರಡನ್ನು ಮೂರು ಮೂರು ಮಾಡಿದರೆ 80 ಸೆಂ.ಮೀ. ಉದ್ದದ ಆರು ಹಲಗೆ. ಐದು ಹಲಗೆ ಅಡ್ಡಕ್ಕೆ ಸಾಕು. ಆರನೆಯದನ್ನು ಉದ್ದಕ್ಕೆ ಮೂರು ಸೀಳಿಸಿ, ಸುಮಾರು 13 ಸೆಂ.ಮೀ. ಅಗಲದ ಮೂರು ಪಟ್ಟಿ ಸಿಗುತ್ತವೆ, ಇವು ಹಿಂಬದಿಗೆ.

ಈ ಹಿಂಬದಿಯ ಪಟ್ಟಿಗಳನ್ನು ಯಾರೂ ಬಿಡಬೇಡಿ. ಅವಿಲ್ಲದೆ ಕಪಾಟು ಮೊದಲ ದಿನ ನೆಟ್ಟಗೆ ನಿಂತಿರುತ್ತದೆ, ಪಕ್ಕಕ್ಕೆ ಒಂದು ಸಲ ತಳ್ಳಿದರೆ ಇಸ್ಪೀಟೆಲೆ ಮನೆಯ ಹಾಗೆ ಓರೆಯಾಗುತ್ತದೆ. ಮೇಲೊಂದು, ನಡುವೆ ಒಂದು, ಕೆಳಗೊಂದು. ಹಿಂದೆ ಪೂರ್ತಿ ಹಲಗೆ ಹೊಡೆದು ಮುಚ್ಚಬೇಡಿ, ಗಾಳಿ ಆಡಬೇಕು.

ಇನ್ನೊಂದು ಕಿವಿಮಾತು. ಅಡ್ಡ ಹಲಗೆಗಳನ್ನು 40 ಅಲ್ಲ, 36 ಸೆಂ.ಮೀ. ಅಗಲಕ್ಕೆ ಇಳಿಸಿ. ಹಿಂದೆ ಉದ್ದಕ್ಕೂ 4 ಸೆಂ.ಮೀ. ಸಂದು ಉಳಿಯುತ್ತದೆ, ಕೇಬಲ್ ಎಲ್ಲ ಅಲ್ಲೇ ಇಳಿಯುತ್ತವೆ. ದುಂಡಗೆ ತೂತು ಕೊರೆಯುವ ಕಟ್ಟರ್ ಬೇಕಾಗುವುದೇ ಇಲ್ಲ. ಕತ್ತರಿಸಿ ಬಂದ ಆ ಸಣ್ಣ ರೀಪುಗಳನ್ನು ತುಂಡು ಮಾಡಿ ಪಕ್ಕದ ಹಲಗೆಗೆ ಒಳಗಡೆಯಿಂದ ಅಂಟು ಹಾಕಿ ಸ್ಕ್ರೂ ಮಾಡಿ, ಹಲಗೆ ಅದರ ಮೇಲೆ ಕೂರುತ್ತದೆ. ಎರಡೂ ಸೇರಿ ದಪ್ಪ 36 ಮಿ.ಮೀ., ಅದಕ್ಕೆ 30 ಮಿ.ಮೀ. ಸ್ಕ್ರೂ ಹಾಕಿ, ಆಚೆ ಕಡೆ ಮೂಗು ತೂರಿಸುವುದಿಲ್ಲ. ಮೊದಲು ಸಣ್ಣ ಬಿಟ್‌ನಲ್ಲಿ ತೂತು ಹಾಕಿಕೊಂಡೇ ಸ್ಕ್ರೂ ಬಿಗಿಯಿರಿ. ಪ್ಲೈನ ಅಂಚಿಗೆ ನೇರವಾಗಿ ಸ್ಕ್ರೂ ಹೊಡೆದರೆ ಪದರ ಬಿಟ್ಟುಕೊಳ್ಳುತ್ತದೆ, ನಾನು ಒಮ್ಮೆ ಮಾಡಿ ಒಂದು ಇಡೀ ಹಲಗೆ ಕಳೆದುಕೊಂಡೆ. ಕತ್ತರಿಸುವ ಕೆಲಸ ಅಂಗಡಿಯವರ ಹತ್ತಿರವೇ ಮಾಡಿಸಿ. ಅಳತೆಯ ಚೀಟಿ ಕೈಯಲ್ಲಿಟ್ಟುಕೊಂಡು, ಅವರು ಸೀಳುವಾಗ ಪಕ್ಕದಲ್ಲೇ ನಿಲ್ಲಿ.

ಖಾನೆಗಳ ಎತ್ತರ: ಐದು ಹಲಗೆಯ ದಪ್ಪ ಕಳೆದರೆ 111 ಸೆಂ.ಮೀ. ಉಳಿಯುತ್ತದೆ. ಕೆಳಗಿನ ಖಾನೆ 45, ಉಳಿದ ಮೂರು 22. ನಿಲ್ಲಿಸಿದ ಪಿಎಸ್ 5 ಸುಮಾರು 39 ಸೆಂ.ಮೀ., ಸ್ಟ್ಯಾಂಡ್ ಸಮೇತ ಕೆಳಗೆ ಆರಾಮಾಗಿ ಕೂರುತ್ತದೆ. ಭಾರದ್ದೆಲ್ಲ ಕೆಳಗಿದ್ದರೆ ಗೋಡೆಗೆ ಕಟ್ಟದೆಯೂ ನಿಲ್ಲುತ್ತದೆ. ಆದರೆ ಹತ್ತಿ ಆಡುವ ವಯಸ್ಸಿನ ಮಕ್ಕಳು ಮನೆಯಲ್ಲಿದ್ದರೆ ಮಾಲೀಕರನ್ನು ಕೇಳಿ ಒಂದೇ ಒಂದು ತೂತು ಹೊಡೆದು ಗೋಡೆಗೆ ಕಟ್ಟಿ. ಅದರಲ್ಲಿ ಸಂಕೋಚ ಬೇಡ.

ಕೇಬಲ್_ಗಂಟು:

ಮೇಲಿನ ಲೆಕ್ಕ ಸರಿಯಾಗಿದೆ, ನಾನು ಮರದ ಬಗ್ಗೆ ಮಾತಾಡುವುದಿಲ್ಲ. ಆದರೆ ಎಲ್ಲರೂ ಮರೆಯುವ ಒಂದು ವಿಷಯ ಇದೆ. ಕನ್ಸೋಲ್‌ನ ಎತ್ತರ ಅಳೆಯುತ್ತಾರೆ, ಅದು ಬಾಯಿ ತೆರೆದಾಗಿನ ಎತ್ತರ ಅಳೆಯುವುದಿಲ್ಲ.

ಪಿಎಸ್ 2, ಎಕ್ಸ್‌ಬಾಕ್ಸ್, ವೀ, ಪಿಎಸ್ 3 ಎಲ್ಲ ಮುಂದಿನಿಂದ ಡಿಸ್ಕ್ ತಿನ್ನುತ್ತವೆ, ಇವು ಯಾವ ಖಾನೆಯಲ್ಲಿದ್ದರೂ ಸರಿ. ಮೆಗಾ ಡ್ರೈವ್, ಸೂಪರ್ ನಿಂಟೆಂಡೊ, ನಿಂಟೆಂಡೊ 64 ಇವಕ್ಕೆ ಕಾರ್ಟ್ರಿಡ್ಜ್ (ಆಟ ತುಂಬಿದ ಪ್ಲಾಸ್ಟಿಕ್ ಡಬ್ಬಿ) ಮೇಲಿನಿಂದ ಇಳಿಯಬೇಕು. ಡ್ರೀಮ್‌ಕಾಸ್ಟ್, ಗೇಮ್‌ಕ್ಯೂಬ್, ಮೊದಲ ಪ್ಲೇಸ್ಟೇಷನ್ ಮುಚ್ಚಳ ಮೇಲಕ್ಕೆ ಎತ್ತುತ್ತವೆ. 22 ಸೆಂ.ಮೀ. ಖಾನೆಯಲ್ಲಿ ಡ್ರೀಮ್‌ಕಾಸ್ಟ್ ಮುಚ್ಚಳ ಎದ್ದರೂ ಡಿಸ್ಕ್ ಹಿಡಿದ ಕೈ ಒಳಗೆ ಹೋಗಬೇಕಲ್ವಾ? ಪ್ರತಿ ಸಲ ಮುಂದಕ್ಕೆ ಎಳೆಯುತ್ತೀರಿ, ಪ್ರತಿ ಸಲ ಕೇಬಲ್ ಜಗ್ಗುತ್ತದೆ, ಒಂದು ದಿನ ಹಿಂದಿನ ಸಾಕೆಟ್ ಸಡಿಲ ಆಗುತ್ತದೆ. ಅದಕ್ಕೆ ನೀವು ಆಡುವ ಮೆಗಾ ಡ್ರೈವ್ ಮತ್ತು ಡ್ರೀಮ್‌ಕಾಸ್ಟ್ ಕಪಾಟಿನ ನೆತ್ತಿಯ ಮೇಲಿರಲಿ, ಅಲ್ಲಿ ಆಕಾಶವೇ ಮಿತಿ. ಆಡದವು ಎಲ್ಲಿದ್ದರೂ ನಡೆಯುತ್ತದೆ.

ಫ್ಯಾಮಿಕಾಮ್‌ಗೆ ಮಾತ್ರ ಪಕ್ಕದಲ್ಲಿ ಜಾಗ ಬಿಡಿ. 1983ರ ಆ ಪುಟ್ಟ ಡಬ್ಬಿಯ ಕಂಟ್ರೋಲರ್‌ಗಳ ವೈರ್ ಬಿಚ್ಚಲು ಬರುವುದಿಲ್ಲ, ಅವು ಎರಡೂ ಪಕ್ಕದ ಗೂಡಿನಲ್ಲಿ ಕೂತಿದ್ದರೇ ಅದಕ್ಕೆ ಮುಖ ಬರುವುದು.

ಬೇರೆ ಕಂಟ್ರೋಲರ್‌ಗಳ ವೈರನ್ನು ಕನ್ಸೋಲ್ ಮೈಗೆ ಸುತ್ತಿ ಇಡಲೇಬೇಡಿ. ಪಿವಿಸಿ ವೈರ್ ಮೆತ್ತಗಿರಲಿ ಅಂತ ಅದರಲ್ಲಿ ಎಣ್ಣೆಯಂಥ ಒಂದು ಪದಾರ್ಥ ಸೇರಿಸಿರುತ್ತಾರೆ. ವರ್ಷಗಟ್ಟಲೆ ತಾಗಿಕೊಂಡಿದ್ದರೆ ಅದು ಸೋರಿ ಕೆಳಗಿನ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ನನ್ನ ಮೆಗಾ ಡ್ರೈವ್‌ನ ನೆತ್ತಿಯ ಮೇಲೆ ವೈರ್ ಮಲಗಿದ್ದ ಜಾಗದಲ್ಲಿ ಹಾವು ಹರಿದಂತೆ ಒಂದು ಗೀರು ಇದೆ. ಉಗುರು ಹಾಕಿದರೆ ಕೈಗೆ ಸಿಗುತ್ತದೆ, ಉಜ್ಜಿದರೆ ಹೋಗುವುದಿಲ್ಲ.

ಸುಮ್ನೆ_ಬಂದೆ:

ಇಷ್ಟೆಲ್ಲ ಗರಗಸ, ಸ್ಕ್ರೂ ಯಾಕೆ? ನಾಲ್ಕು ಟೊಳ್ಳು ಕಾಂಕ್ರೀಟ್ ಬ್ಲಾಕ್, ಮೇಲೆ ಎರಡು ಹಲಗೆ. ಆ ಕಡೆ ಎರಡು, ಈ ಕಡೆ ಎರಡು, ಕೆಲಸ ಮುಗಿಯಿತು. ಮನೆ ಬದಲಿಸುವಾಗ ಬಿಚ್ಚಿ ಒಯ್ಯಬಹುದು. ನಾನು ಹೀಗೇ ಆರು ವರ್ಷದಿಂದ ಇಟ್ಟಿದ್ದೇನೆ, ಏನೂ ಆಗಿಲ್ಲ.

ಉಳಿಬಾಚಿ:

ಎರಡು ಅಂತಸ್ತಿಗೆ ಒಪ್ಪಿದೆ. ಹನ್ನೆರಡು ಕನ್ಸೋಲ್‌ಗೆ ನಾಲ್ಕೈದು ಅಂತಸ್ತು ಬೇಕು, ಅಂಟು ಗಾರೆ ಏನೂ ಇಲ್ಲದೆ ಅಷ್ಟೆತ್ತರ ಪೇರಿಸಿದರೆ ಯಾರದ್ದಾದರೂ ಮೊಣಕಾಲು ತಾಗಿದರೆ ಸಾಕು. ಮತ್ತೆ ಆ ಬ್ಲಾಕ್ ಮುಟ್ಟಿದರೆ ಕೈಗೆ ಬೂದಿ ಅಂಟುತ್ತದಲ್ಲ, ಅದೇ ಪುಡಿ ಡಿಸ್ಕ್ ಡ್ರೈವ್ ಒಳಗೂ ಹೋಗುತ್ತದೆ. ಬಳಸುವವರು ಬ್ಲಾಕ್‌ಗೆ ಒಂದು ಕೋಟ್ ಪೇಂಟ್ ಹೊಡೆದಾದರೂ ಬಳಸಿ.

ಸುಮ್ನೆ_ಬಂದೆ:

ಅಯ್ಯೋ, ಅದಕ್ಕೇನಾ ನನ್ನ ಪಿಎಸ್ 2 ಡಿಸ್ಕ್ ಓದಲು ಒದ್ದಾಡುತ್ತಿರುವುದು? ಆರು ವರ್ಷದಿಂದ ಏನೂ ಆಗಿಲ್ಲ ಎಂಬ ಮಾತನ್ನು ಸದ್ಯಕ್ಕೆ ವಾಪಸ್ ತೆಗೆದುಕೊಂಡೆ.

ಹಳದಿ_ನಿಂಟೆಂಡೊ:

ನನ್ನ ಹೆಸರು ನೋಡಿದರೇ ಗೊತ್ತಾಗುತ್ತದೆ ನಾನು ಏನು ಹೇಳಲು ಬಂದಿದ್ದೇನೆ ಅಂತ. ಕಪಾಟು ಎಷ್ಟೇ ಚೆನ್ನಾಗಿ ಮಾಡಿ, ಕಿಟಕಿ ಎದುರು ಮಾತ್ರ ಇಡಬೇಡಿ. ಹಳೆ ಕನ್ಸೋಲ್‌ಗಳ ಎಬಿಎಸ್ ಪ್ಲಾಸ್ಟಿಕ್‌ಗೆ ಬೆಂಕಿ ತಗುಲದಿರಲಿ ಅಂತ ಬ್ರೋಮಿನ್ ಇರುವ ರಾಸಾಯನಿಕ ಬೆರೆಸುತ್ತಿದ್ದರು. ಬಿಸಿಲಿನ ಅತಿನೇರಳೆ ಕಿರಣ, ಶಾಖ ಎರಡೂ ಸೇರಿ ಅದನ್ನು ಹಳದಿ ಮಾಡುತ್ತವೆ. ಸೂಪರ್ ನಿಂಟೆಂಡೊ ಇದರಲ್ಲಿ ಕುಖ್ಯಾತ. ಕೆಲವದರಲ್ಲಿ ಮೇಲಿನ ಚಿಪ್ಪು ಹಳದಿ, ಕೆಳಗಿನದು ಬೂದು, ಎರಡು ಬೇರೆ ಬೇರೆ ಕನ್ಸೋಲ್ ಅಂಟಿಸಿದ ಹಾಗೆ. ನನ್ನದು ಇನ್ನೂ ವಿಚಿತ್ರ. ಪಕ್ಕದಲ್ಲಿ ಒಂದು ಗೇಮ್ ಡಬ್ಬಿ ಒರಗಿಸಿ ಇಟ್ಟಿದ್ದೆ. ಎರಡು ಬೇಸಿಗೆ ಕಳೆದ ಮೇಲೆ ತೆಗೆದರೆ ಡಬ್ಬಿಯ ಆಕಾರದ ಬೂದು ಚೌಕ ಹಾಗೇ ಉಳಿದಿದೆ, ಸುತ್ತಲೂ ಹಳದಿ. ಬೆಳಕು ಬೇಕೇ ಬೇಕು ಅಂದರೆ ಹಲಗೆಯ ಕೆಳಗೆ ಎಲ್‌ಇಡಿ ಪಟ್ಟಿ ಅಂಟಿಸಿ, ಅದರಲ್ಲಿ ಅತಿನೇರಳೆ ಇಲ್ಲವೆನ್ನುವಷ್ಟು ಕಡಿಮೆ.

ಪೇಂಟ್ ಬಗ್ಗೆ ಯಾರೂ ಹೇಳಲಿಲ್ಲ. ಆಯಿಲ್ ಪೇಂಟ್ ಹೊಡೆದರೆ ಮಾರನೆ ದಿನ ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ, ನಂಬಬೇಡಿ. ಒಳಗೆ ಪೂರ್ತಿ ಗಟ್ಟಿಯಾಗಲು ವಾರಗಳು ಬೇಕು. ನಾನು ಅವಸರದಲ್ಲಿ ಮೂರನೇ ದಿನವೇ ಎಲ್ಲ ಜೋಡಿಸಿಬಿಟ್ಟೆ. ಆರು ತಿಂಗಳ ನಂತರ ಗೇಮ್‌ಕ್ಯೂಬ್ ಎತ್ತಿದರೆ ಚರ್ ಅಂತ ಸದ್ದು. ನಾಲ್ಕು ರಬ್ಬರ್ ಕಾಲಲ್ಲಿ ಎರಡು ಕಪಾಟಿಗೇ ಅಂಟಿಕೊಂಡು ಉಳಿದವು, ಇನ್ನೆರಡು ಪೇಂಟನ್ನೇ ಕಿತ್ತುಕೊಂಡು ಬಂದವು. ಮೊದಲು 120, ಆಮೇಲೆ 220 ನಂಬರ್ ಉಪ್ಪುಕಾಗದ ಉಜ್ಜಿ, ನೀರಿನ ಬೇಸ್ ಇರುವ ವಾರ್ನಿಷ್ ಹೊಡೆಯಿರಿ. ಎರಡು ಮೂರು ವಾರ ಖಾಲಿ ಬಿಡಿ. ಕಾಲಿನ ಕೆಳಗೆ ತೆಳು ಫೆಲ್ಟ್ ತುಂಡು ಇಟ್ಟರೆ ಇನ್ನೂ ಒಳ್ಳೆಯದು.

ಅಂದಹಾಗೆ, ಮೊದಲ ಎಕ್ಸ್‌ಬಾಕ್ಸ್ ಸುಮ್ನೆ ಪ್ರದರ್ಶನಕ್ಕೆ ಇಡುತ್ತಿದ್ದೀರಿ. ಇಡುವ ಮೊದಲು ಒಳಗಿನ ಗಡಿಯಾರದ ಕೆಪಾಸಿಟರ್ (ವಿದ್ಯುತ್ ಹಿಡಿದಿಡುವ ಪುಟ್ಟ ಭಾಗ) ಯಾರಿಂದಾದರೂ ನೋಡಿಸಿ. ಅದರ ಹೆಚ್ಚಿನ ಬೋರ್ಡ್‌ಗಳಲ್ಲಿ ಈ ಕೆಪಾಸಿಟರ್ ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ, ಆನ್ ಮಾಡದೆ ಶೆಲ್ಫಲ್ಲಿ ಕೂತಿದ್ದರೂ.

ಎಂಟುಬಿಟ್:

ಒಂದೂವರೆ ತಿಂಗಳಾಯಿತು, ಬಂದು ಹೇಳಬೇಕು ಅನಿಸಿತು. ಕಪಾಟು ನಿಂತಿದೆ!

ಉಳಿಬಾಚಿಯವರ ಚೀಟಿ ಹಿಡಿದುಕೊಂಡು ಹೋಗಿ ಕತ್ತರಿಸಿಕೊಂಡು ಬಂದೆ. ಎರಡು ದಿನ ಉಜ್ಜುವುದಕ್ಕೇ ಹೋಯಿತು, ಆ ಪುಡಿ ಮೂಗಿನಿಂದ ಹೋಗಲು ಇನ್ನೆರಡು ದಿನ. ಮಾಸ್ಕ್ ಹಾಕಿಕೊಳ್ಳಿ ಅಂತ ನೀವ್ಯಾರೂ ಹೇಳಲಿಲ್ಲ, ನಾನು ಹೇಳುತ್ತಿದ್ದೇನೆ.

ತಪ್ಪು ಆಗದೇ ಇರಲಿಲ್ಲ. ಪಕ್ಕದ ಹಲಗೆಗಳಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದೆ. ಬಲಗಡೆ ಹಲಗೆಯ ಕೆಳಗಿನ ಅಂಚಿಗೆ ಸರಿಯಾಗಿ ರೀಪು ಹೊಡೆದೆ. ಎಡಗಡೆ ಎರಡನೇ ಖಾನೆಯಲ್ಲಿ ಮಾತ್ರ ಹಲಗೆಯ ಮೇಲಿನ ಅಂಚಿನ ಗೆರೆಗೆ ಹೊಡೆದುಬಿಟ್ಟೆ, ಅಂದರೆ ಸರಿಯಾಗಿ 18 ಮಿ.ಮೀ. ಮೇಲೆ. ಜೋಡಿಸುವಾಗ ಗೊತ್ತೇ ಆಗಲಿಲ್ಲ, ಹಲಗೆ ಸ್ವಲ್ಪ ಮೊಂಡಾಟ ಮಾಡಿತು, ಗುದ್ದಿ ಕೂರಿಸಿದೆ. ಆಮೇಲೆ ಅದೇ ಗೋಲಿ ತಂದು ಇಟ್ಟೆ. ಎಡದಿಂದ ಬಲಕ್ಕೆ ಓಡಿ ನೆಲಕ್ಕೆ ಬಿತ್ತು. ಅಂಟು ಒಣಗುವ ಮುಂಚೆ ಬಿಚ್ಚಿದ್ದರಿಂದ ಬಚಾವ್. ಎರಡು ಹಳೆ ತೂತು ಉಳಿದಿವೆ, ಅವುಗಳ ಮುಂದೆ ವೀ ನಿಲ್ಲಿಸಿದ್ದೇನೆ.

ನೆತ್ತಿಯ ಮೇಲೆ ಮೆಗಾ ಡ್ರೈವ್, ಡ್ರೀಮ್‌ಕಾಸ್ಟ್. ತೀರಾ ಕೆಳಗೆ ಪಿಎಸ್ 5, ಪಕ್ಕದಲ್ಲಿ ಮಲಗಿದ ಪಿಎಸ್ 3. ಹಿಂದಿನ 4 ಸೆಂ.ಮೀ. ಸಂದು ನಿಜಕ್ಕೂ ದೊಡ್ಡ ಉಪಕಾರ, ಐದು ಕನ್ಸೋಲ್‌ನ ಕೇಬಲ್ ಅಲ್ಲಿ ಇಳಿದಿವೆ, ಮುಂದಿನಿಂದ ಒಂದೂ ಕಾಣುವುದಿಲ್ಲ. ಪ್ರತಿಯೊಂದರ ತುದಿಗೆ ಹೆಸರು ಬರೆದ ಟೇಪ್ ಸುತ್ತಿದ್ದೇನೆ.

ಒಂದೇ ತೊಂದರೆ. ಮೇಲೆ ತೆರೆದಿರುವುದರಿಂದ ಡ್ರೀಮ್‌ಕಾಸ್ಟ್ ಮೇಲೆ ಮೂರೇ ದಿನಕ್ಕೆ ಧೂಳಿನ ಪದರ. ಗಾಜಿನ ಪೆಟ್ಟಿಗೆ ಮಾಡಿಸಲಾ?

ಕೇಬಲ್_ಗಂಟು:

ಗಾಜು ಯಾಕೆ, ಹಳೆ ದಿಂಬಿನ ಕವರ್ ಇಲ್ಲವಾ? ಆಟ ಮುಗಿಸಿ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಹೊದಿಸಿ. ಆನ್ ಮಾಡುವ ಮೊದಲು ತೆಗೆಯಿರಿ, ಡ್ರೀಮ್‌ಕಾಸ್ಟ್‌ನ ಫ್ಯಾನ್ ಪಕ್ಕಕ್ಕೆ ಉಸಿರಾಡುತ್ತದೆ, ಮುಚ್ಚಿದರೆ ಕುದಿಯುತ್ತದೆ. ಮೆಗಾ ಡ್ರೈವ್‌ಗೆ ಅದೂ ಬೇಡ, ಯಾವುದಾದರೂ ಒಂದು ಕಾರ್ಟ್ರಿಡ್ಜ್ ಸಿಕ್ಕಿಸಿಯೇ ಬಿಡಿ, ಬಾಯಿಗೆ ಧೂಳು ಬೀಳುವುದಿಲ್ಲ, ನೋಡಲೂ ಚೆನ್ನಾಗಿರುತ್ತದೆ. ಫೋಟೋ ಎಲ್ಲಿ?