ಕಂಪ್ಯೂಟರ್‌ಗೆ ಬೇರೆ ಭಾಷೆಗಳಲ್ಲಿ ಏನಂತಾರೆ?

ಪ್ರಶ್ನೆ: ಗಣಕಯಂತ್ರ ಅಂತ ಬರೀತೀವೇ ಹೊರತು ಬಾಯಲ್ಲಿ ಎಲ್ರೂ ಕಂಪ್ಯೂಟರ್ ಅಂತಾನೇ ಹೇಳೋದು. ತಮ್ದೇ ಪದ ಮಾಡ್ಕೊಂಡು ದಿನಾ ಬಳಸೋ ಜನ ಎಲ್ಲಾದ್ರೂ ಇದಾರಾ?

ಉತ್ತರ 1: ಇದಾರೆ ಸರ್. ಐಸ್‌ಲ್ಯಾಂಡ್‌ನಲ್ಲಿ ಟೋಲ್ವಾ ಅಂತಾರೆ, ತಾಲಾ ಅಂದ್ರೆ ಸಂಖ್ಯೆ, ವೋಲ್ವಾ ಅಂದ್ರೆ ಅವರ ಹಳೇ ಕಥೆಗಳಲ್ಲಿ ಬರೋ ಭವಿಷ್ಯ ಹೇಳೋ ಹೆಂಗಸು, ಎರಡನ್ನೂ ಸೇರಿಸಿ ಸಿಗುರ್ದುರ್ ನೊರ್ದಾಲ್ ಅನ್ನೋ ವಿದ್ವಾಂಸರು ಮಾಡಿದ ಪದ. ಅಂಕಿ ನೋಡಿ ಕಣಿ ಹೇಳೋಳು ಅಂದ ಹಾಗೆ! ನನಗಂತೂ ಇದಕ್ಕಿಂತ ಚಂದದ ಪದ ಇಲ್ಲ. ಫಿನ್ನಿಶ್‌ನಲ್ಲಿ ತಿಯೆತೊಕೊನೆ, ಅಂದ್ರೆ ಜ್ಞಾನದ ಯಂತ್ರ. ಚೀನೀ ಭಾಷೇಲಿ ಎರಡೇ ಅಕ್ಷರ, ಮೊದಲನೇದು ವಿದ್ಯುತ್ತು, ಎರಡನೇದು ಮಿದುಳು.

ಉತ್ತರ 2: ಫ್ರೆಂಚ್‌ನ ಓರ್ಡಿನಾತರ್ ಬಿಟ್ರಲ್ಲ. 1955ರಲ್ಲಿ ಐಬಿಎಂ ಫ್ರಾನ್ಸ್‌ನೋರು ಹೊಸ ಮೆಷಿನ್‌ಗೆ ಹೆಸರು ಬೇಕು ಅಂತ ಕೇಳಿದ್ದಕ್ಕೆ ಲ್ಯಾಟಿನ್ ಪ್ರೊಫೆಸರ್ ಝಾಕ್ ಪೆರೆ ಪತ್ರ ಬರೆದು ಸೂಚಿಸಿದ್ದು, ಜಗತ್ತನ್ನ ಕ್ರಮವಾಗಿ ಇಡೋ ದೇವರಿಗೆ ಹೇಳ್ತಿದ್ದ ಪದವಂತೆ ಅದು.

ಉತ್ತರ 3: ಇಂಗ್ಲಿಷ್‌ನಲ್ಲೂ ಕಂಪ್ಯೂಟರ್ ಅಂದ್ರೆ ಮೊದಲು ಲೆಕ್ಕ ಮಾಡೋ ಮನುಷ್ಯ, ನಮ್ಮ ಗಣಕ ಅನ್ನೋದೂ ಲೆಕ್ಕ ಹಾಕೋನೇ, ಜ್ಯೋತಿಷಿಗೂ ಹಾಗಂತಿದ್ರು. ಅದಕ್ಕೇ ನಂಗೆ ಗಣಕ ಅಂತಷ್ಟೇ ಹೇಳೋದು ಇಷ್ಟ, ಯಂತ್ರ ಅಂತ ಬಾಲ ಯಾಕೆ ಬೇಕು ಹೇಳಿ?