ಅನಿಮೇಷನ್ ಕೊನೇ ಸೆಮಿಸ್ಟರ್, ಹಾಸನ: ಯಾವ ವಿಭಾಗ ಹಿಡಿಯಲಿ, ಯಾರನ್ನ ಹಿಡಿಯಲಿ?

ಹೇಮಾವತಿ_ದಡ
ಹಾಸನದಲ್ಲಿ ಅನಿಮೇಷನ್ ಡಿಗ್ರಿ, ಕೊನೇ ಸೆಮಿಸ್ಟರ್. ಮಾಡೆಲಿಂಗ್, ರಿಗ್ಗಿಂಗ್ (ಮಾಡೆಲ್ ಆಡಿಸೋಕೆ ಒಳಗೆ ಮೂಳೆ ಕೂರಿಸೋದು), ಅನಿಮೇಷನ್, ಲೈಟಿಂಗ್, ಕಂಪೋಸಿಟಿಂಗ್ (ಬೇರೆ ಬೇರೆ ಚಿತ್ರ ಸೇರಿಸಿ ಒಂದು ಶಾಟ್ ಮಾಡೋದು) ಎಲ್ಲಾ ಸ್ವಲ್ಪ ಸ್ವಲ್ಪ ಬರುತ್ತೆ, ಯಾವುದೂ ಗಟ್ಟಿಯಿಲ್ಲ. ನನ್ನ ಕೆಲಸ ತೋರಿಸೋ ಮೂರೂವರೆ ನಿಮಿಷದ ರೀಲ್ ಇದೆ. ಲಿಂಕ್ಡ್‌ಇನ್‌ನಲ್ಲಿ ಬೆಂಗಳೂರಿನ ಸ್ಟುಡಿಯೋದವರಿಗೆ ಮೆಸೇಜ್ ಹಾಕಿದ್ರೆ ಉತ್ತರವೇ ಇಲ್ಲ. ಈ ಫೀಲ್ಡಲ್ಲಿ ಗೊತ್ತಿರೋರೂ ಯಾರಿಲ್ಲ. ಎಲ್ಲಿಂದ ಶುರು ಮಾಡಲಿ?

ಗ್ರಾಫ್_ಎಡಿಟರ್
ಮೊದಲು ವಿಭಾಗ ಗೊತ್ತು ಮಾಡ್ಕೊಳ್ಳಿ, ಜನ ಆಮೇಲೆ. ದೊಡ್ಡ ಸ್ಟುಡಿಯೋಗಳಲ್ಲಿ ಒಬ್ಬರಿಗೆ ಒಂದೇ ಕೆಲಸ. ಎಲ್ಲಾ ಬರುತ್ತೆ ಅನ್ನೋರನ್ನ ಕೇಳೋದು ಜಾಹೀರಾತು ಮಾಡೋ ಸಣ್ಣ ಕಂಪನಿಗಳು, ಚಿಕ್ಕ ಗೇಮ್ ಟೀಮ್‌ಗಳು.

ಪರೀಕ್ಷೆ ಹೀಗೆ: ಐದು ಸೆಕೆಂಡಿನ ಒಂದೇ ಶಾಟ್ ತಗೊಳ್ಳಿ. 24 ಫ್ರೇಮ್ ಲೆಕ್ಕದಲ್ಲಿ 120 ಫ್ರೇಮ್. ಕಾಫಿ ಕಣದಲ್ಲಿ ಐವತ್ತು ಕೆಜಿ ಮೂಟೆ ಹೆಗಲಿಗೇರಿಸೋದನ್ನ ಮೊಬೈಲಲ್ಲಿ ಎದುರಿಂದ ಒಮ್ಮೆ, ಪಕ್ಕದಿಂದ ಒಮ್ಮೆ ಶೂಟ್ ಮಾಡಿ. ಮೂಟೆ ನೀವೇ ಮಾಡೆಲ್ ಮಾಡಿ, ಫ್ರೀ ರಿಗ್ (ಆಡಿಸೋಕೆ ತಯಾರಿರೋ ಪಾತ್ರ) ಒಂದರಲ್ಲಿ ಅನಿಮೇಟ್ ಮಾಡಿ, ಲೈಟ್ ಹಾಕಿ. ಪುಕ್ಕಟೆ ಸಿಗೋ ಬ್ಲೆಂಡರ್ ಸಾಫ್ಟ್‌ವೇರೇ ಸಾಕು.

ಎಡವೋದು ಎಲ್ಲಿ ಅಂದ್ರೆ, ಮೂಟೆ ಮೇಲೇಳೋಕೆ ಮುಂಚೆ ಸೊಂಟ ಕೆಳಗಿಳಿದು ಕಾಲು ಅಗಲ ಆಗಬೇಕು. ಅದಿಲ್ದೇ ಕೈ ಮಾತ್ರ ಎತ್ತಿದ್ರೆ ಮೂಟೇಲಿ ಹತ್ತಿ ತುಂಬಿದ ಹಾಗಿರುತ್ತೆ. ಬ್ಲಾಕಿಂಗಲ್ಲಿ (ಮುಖ್ಯ ಭಂಗಿಗಳನ್ನಷ್ಟೇ ಇಟ್ಟಾಗ) ಚೆನ್ನಾಗಿದ್ದದ್ದು ಸ್ಪ್ಲೈನ್‌ಗೆ (ನಡುವಿನ ಚಲನೆ ಕಂಪ್ಯೂಟರೇ ತುಂಬೋ ಹಂತ) ತಂದ ಕೂಡಲೇ ಪಾದ ಜಾರುತ್ತೆ. ಕಾಲು ಪೂರ್ತಿ ಚಾಚಿದಾಗ ಮಂಡಿ ಛಕ್ಕಂತ ಹಾರುತ್ತೆ. ಆ ಫ್ರೇಮ್‌ಗಳಲ್ಲಿ ಸೊಂಟ ಒಂಚೂರು ಇಳಿಸಿದ್ರೆ ಸರಿಹೋಗುತ್ತೆ. ಈ ತಿದ್ದೋ ಕೆಲಸ ಮೂರನೇ ಸಲಕ್ಕೂ ಬೇಜಾರು ತರಲಿಲ್ಲ ಅಂದ್ರೆ ನಿಮ್ಮದು ಅನಿಮೇಷನ್. ಗೋಣಿಯ ನೇಯ್ಗೆ, ಹೊಲಿಗೆ ಕಡೆಗೇ ಮನಸ್ಸು ಹೋಗ್ತಿದ್ರೆ ಮಾಡೆಲಿಂಗ್, ಟೆಕ್ಸ್ಚರಿಂಗ್. ವಿಎಫ್‌ಎಕ್ಸ್‌ಗೆ (ಸಿನಿಮಾದ ವಿಷುಯಲ್ ಎಫೆಕ್ಟ್ಸ್) ಸುಲಭದ ಬಾಗಿಲು ರೋಟೋ (ಶಾಟಲ್ಲಿರೋದನ್ನ ಅಂಚು ಹಿಡಿದು ಬೇರ್ಪಡಿಸೋದು), ಪೇಂಟ್ (ಬೇಡದ್ದನ್ನ ಅಳಿಸೋದು), ಮ್ಯಾಚ್‌ಮೂವ್ (ಅಸಲಿ ಕ್ಯಾಮೆರಾದ ಚಲನೆ ಕಂಪ್ಯೂಟರಲ್ಲಿ ಹೊಂದಿಸೋದು). ಆದ್ರೆ ಒಳಗೆ ಹೋದ ಮೇಲೆ ಸಂಜೆ ಹೊತ್ತು ಕಂಪೋಸಿಟಿಂಗ್ ಕಲೀದೇ ಇದ್ರೆ ಅಲ್ಲೇ ಉಳಿದುಬಿಡ್ತೀರ.

ರೆಂಡರ್_ರಾತ್ರಿ
ಮೂರೂವರೆ ನಿಮಿಷದ ರೀಲ್ ಯಾರೂ ನೋಡಲ್ಲ ಕಣ್ರೀ. ಒಂದು ನಿಮಿಷಕ್ಕೆ ಇಳಿಸಿ. ಮೂರೇ ಒಳ್ಳೇ ಶಾಟ್ ಇದ್ರೆ ಮೂವತ್ತು ಸೆಕೆಂಡೇ ಆಗ್ಲಿ. ಎಲ್ಲಕ್ಕಿಂತ ಚೆನ್ನಾಗಿರೋದು ಮೊದಲು. ಕಳಪೆ ಶಾಟ್ ಒಂದಿದ್ರೂ, ಒಳ್ಳೇದು ಕೆಟ್ಟದ್ದು ನಿಮಗೇ ತಿಳಿಯಲ್ಲ ಅಂದ್ಕೋತಾರೆ. ಯೂಟ್ಯೂಬ್ ಪಾಠ ನೋಡಿ ಮಾಡಿದ ಡೋನಟ್ ತೆಗೆದುಹಾಕಿ, ಅದೇ ಡೋನಟ್ ಅವರು ನೂರು ಸಲ ನೋಡಿರ್ತಾರೆ.

ಗ್ರೂಪ್ ಪ್ರಾಜೆಕ್ಟ್ ಆದ್ರೆ ಮೂಲೆಯಲ್ಲಿ ‘ಅನಿಮೇಷನ್ ಮಾತ್ರ ನನ್ನದು’ ಅಂತ ಬರೀರಿ. ಮುಚ್ಚಿಟ್ರೆ ಅದೇ ಶಾಟ್ ನಿಮ್ಮ ಸಹಪಾಠಿಯ ರೀಲಲ್ಲೂ ಕಾಣಿಸಿ ಇಬ್ಬರ ಹೆಸರೂ ಕೆಡುತ್ತೆ. ಫೈಲ್ 1080ಪಿ, ಎಂಪಿ4. ಶುರುವಲ್ಲಿ ಹೆಸರು, ವಿಭಾಗ, ಫೋನ್, ಮೇಲ್ ಮೂರು ಸೆಕೆಂಡ್ ಇರಲಿ. ಗೂಗಲ್ ಡ್ರೈವ್ ಲಿಂಕ್ ಕೊಡೋದಾದ್ರೆ ಇನ್‌ಕಾಗ್ನಿಟೋದಲ್ಲಿ ತೆರೆದು ನೋಡಿ. ಪರ್ಮಿಷನ್ ಕೇಳಿದ್ರೆ ಮುಗೀತು, ಅವರು ಮುಂದಿನ ಅರ್ಜಿಗೆ ಹೋಗ್ತಾರೆ.

ಹೇಮಾವತಿ_ದಡ
ಅನಿಮೇಷನ್ನೇ ಅನ್ಸುತ್ತೆ, ಗ್ರಾಫ್ ಎಡಿಟರಲ್ಲಿ (ಚಲನೆಯ ಗೆರೆಗಳನ್ನ ತಿದ್ದೋ ಕಿಟಕಿ) ಕೂತ್ರೆ ಹೊತ್ತು ಹೋಗೋದೇ ಗೊತ್ತಾಗಲ್ಲ. ಮೆಸೇಜ್ ಯಾರಿಗೆ, ಹೇಗೆ ಬರೀಲಿ? ನಾನು ಹಾಕ್ತಿದ್ದದ್ದು ‘ಸರ್, ಫ್ರೆಶರ್ ಓಪನಿಂಗ್ ಇದ್ರೆ ತಿಳಿಸಿ’ ಅಂತ.

ಮಲ್ನಾಡ್_ಪಿಕ್ಸೆಲ್
ಅದಕ್ಕೆ ‘ಇಲ್ಲ’ ಬಿಟ್ರೆ ಬೇರೆ ಉತ್ತರವೇ ಇಲ್ವಲ್ಲ, ಅದಕ್ಕೇ ಸುಮ್ನಿರ್ತಾರೆ. 2025ರ ಫೆಬ್ರವರಿಯಲ್ಲಿ ದೊಡ್ಡ ವಿಎಫ್‌ಎಕ್ಸ್ ಕಂಪನಿ ಟೆಕ್ನಿಕಲರ್ ಬೆಂಗಳೂರಲ್ಲೂ ಬಾಗಿಲು ಹಾಕಿದಾಗ ಅನುಭವ ಇರೋರೇ ರಾಶಿ ರಾಶಿ ಕೆಲಸ ಹುಡುಕೋ ಹಾಗಾಯ್ತು. ಬರೀ ಅರ್ಜಿ ನಂಬ್ಕೊಂಡು ಕೂರಬೇಡಿ.

ಸೂಪರ್‌ವೈಸರ್‌ಗೂ ಬೇಡ, ಎಚ್‌ಆರ್‌ಗೂ ಬೇಡ. ನಿಮ್ಮದೇ ವಿಭಾಗದಲ್ಲಿ ಎರಡು–ನಾಲ್ಕು ವರ್ಷ ಆಗಿರೋ ಅನಿಮೇಟರ್‌ಗೆ ಬರೀರಿ, ನಿಮ್ಮ ಕಾಲೇಜಿನ ಸೀನಿಯರ್ ಸಿಕ್ಕಿದ್ರೆ ಇನ್ನೂ ಒಳ್ಳೇದು. ಹೀಗೆ:

‘ನಮಸ್ತೆ, ಹಾಸನದಲ್ಲಿ ಅನಿಮೇಷನ್ ಕೊನೇ ಸೆಮಿಸ್ಟರ್ ಓದ್ತಿದೀನಿ. ಮೂಟೆ ಎತ್ತೋ ಶಾಟ್, ಐದು ಸೆಕೆಂಡ್, ಲಿಂಕ್ ಇಲ್ಲಿದೆ. 60ನೇ ಫ್ರೇಮ್ ಹತ್ರ ಭಾರ ಎಡಗಾಲಿಗೆ ಬಂದ ಹಾಗೆ ಕಾಣ್ತಿಲ್ಲ. ಸೊಂಟ ತಿದ್ದಲೋ, ಟೈಮಿಂಗ್ ತಿದ್ದಲೋ?’

ಇದಕ್ಕೆ ಬಸ್ಸಲ್ಲಿ ಕೂತೇ ಉತ್ತರ ಕೊಡಬಹುದು. ಉತ್ತರ ಬಂದ್ರೆ ವಾರದೊಳಗೆ ತಿದ್ದಿ, ಹಳೇದು ಹೊಸದು ಅಕ್ಕಪಕ್ಕ ಇಟ್ಟು ಕಳ್ಸಿ. ಹೆಚ್ಚಿನವರು ‘ಥ್ಯಾಂಕ್ಯೂ ಸರ್’ ಅಂದು ಮಾಯ ಆಗ್ತಾರೆ. ಪರಿಚಯ ಕುದುರೋದೇ ಈ ಎರಡನೇ ಮೆಸೇಜಲ್ಲಿ. ಉತ್ತರ ಬರದಿದ್ರೆ ಎರಡು ವಾರ ಬಿಟ್ಟು ಒಂದೇ ಸಲ ನೆನಪಿಸಿ. ಈಗ ಯಾವ ಸಿನಿಮಾದಲ್ಲಿ ಕೆಲಸ ಮಾಡ್ತಿದೀರ ಅಂತ ಮಾತ್ರ ಕೇಳ್ಬೇಡಿ, ಗೌಪ್ಯತೆಯ ಕರಾರು ಇರುತ್ತೆ.

ಮುಖತಃ ಸಿಗೋಕೆ, ಅನಿಮೇಷನ್, ಗೇಮಿಂಗ್ ಉದ್ಯಮದವರ ಸಂಘ ಎಬಿಎಐ ನಡೆಸೋ ಬೆಂಗಳೂರು ಜಿಎಎಫ್‌ಎಕ್ಸ್ ಸಮ್ಮೇಳನ ಇದೆ. ಅಲ್ಲಿ ರೀಲ್ ಫೋನಿಗೇ ಡೌನ್‌ಲೋಡ್ ಆಗಿರಲಿ, ಜನ ತುಂಬಿದ ಹಾಲಲ್ಲಿ ನೆಟ್‌ವರ್ಕ್ ನಂಬೋ ಹಾಗಿಲ್ಲ. ಭಾಷಣ ಮಾಡಿದವರ ಸುತ್ತ ಮುತ್ತಿಕೊಳ್ಳೋ ಬದಲು ಊಟದ ಸಾಲಲ್ಲಿ ಪಕ್ಕದಲ್ಲಿ ನಿಂತೋರನ್ನ ಮಾತಾಡ್ಸಿ.

ಗಿರಿ_ಸಾಲು
ಎಲ್ಲರೂ ಬೆಂಗಳೂರು ಬಸ್ ಹತ್ತಿ ಅಂತಿದೀರ. ಚಿಕ್ಕಮಗಳೂರಿನ ರೆಸಾರ್ಟ್‌ಗಳಿಗೆ ಲೋಗೋ ಅನಿಮೇಷನ್, ಇಲ್ಲಿನ ಬಿಲ್ಡರ್‌ಗಳಿಗೆ ಮನೆಯ ವಾಕ್‌ಥ್ರೂ (ಒಳಗೆ ಓಡಾಡಿದ ಹಾಗೆ ತೋರಿಸೋ ವಿಡಿಯೋ) ಮಾಡಿಕೊಟ್ರೆ ಕೈಖರ್ಚಿಗಾಗುತ್ತೆ. ಅರ್ಧ ಹಣ ಮುಂಗಡ, ತಿದ್ದುಪಡಿ ಎರಡೇ ಸಲ ಅಂತ ವಾಟ್ಸಾಪಲ್ಲಾದ್ರೂ ಬರೆಸ್ಕೊಳ್ಳಿ. ಇಲ್ಲಾಂದ್ರೆ ‘ಬಣ್ಣ ಒಂಚೂರು ಬದಲಾಯಿಸಿ’ ಅನ್ನೋದು ತಿಂಗಳುಗಟ್ಟಲೆ ನಡೆಯುತ್ತೆ. ದುಡ್ಡಿನ ಕೆಲಸಕ್ಕೆ ಮಾಯಾ ಸಾಫ್ಟ್‌ವೇರಿನ ವಿದ್ಯಾರ್ಥಿ ಲೈಸೆನ್ಸ್ ಬಳಸೋ ಹಾಗಿಲ್ಲ, ಬ್ಲೆಂಡರ್‌ಗೆ ಆ ತಕರಾರಿಲ್ಲ.

ಗ್ರಾಫ್_ಎಡಿಟರ್
ಒಪ್ಪಿದೆ, ಆದ್ರೆ ವಾಕ್‌ಥ್ರೂ ಅನಿಮೇಷನ್ ರೀಲಿಗೆ ಹಾಕ್ಬೇಡಿ, ಬೇರೆ ಫೋಲ್ಡರಲ್ಲಿರಲಿ. ಇನ್ನೊಂದು: ಕೆಲಸ ಕೊಡ್ತೀವಿ, ಮೊದಲು ಟ್ರೈನಿಂಗ್ ಡೆಪಾಸಿಟ್ ಕಟ್ಟಿ ಅನ್ನೋರ ಹತ್ರ ಹೋಗ್ಲೇಬೇಡಿ. ಎರಡು ಮೂರು ದಿನದ ಟೆಸ್ಟ್ ಶಾಟ್ ಕೊಡೋದು ಮಾಮೂಲು. ಟೆಸ್ಟ್ ಹೆಸರಲ್ಲಿ ಗಿರಾಕಿಯ ಅಸಲಿ ಶಾಟ್‌ಗಳನ್ನೇ ಹತ್ತಿಪ್ಪತ್ತು ಕಳ್ಸಿದ್ರೆ, ಇದಕ್ಕೆ ಎಷ್ಟು ಕೊಡ್ತೀರ ಅಂತ ಕೇಳಿ.