ಪದಚರ್ಚೆ: ಸ್ಟೇರಿಂಗಿನ ‘ಫ್ರೀ ಪ್ಲೇ’ಗೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ:
ಹಳೆಯ ಪಿಕಪ್ ಗಾಡಿ ಕೊಳ್ಳುವವರು ತಾವೇ ಪರೀಕ್ಷಿಸಿಕೊಳ್ಳಬೇಕಾದ ದೋಷಗಳ ಕರಪತ್ರವೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಅದು ನಾಳೆ ಸಂಜೆಯೊಳಗೆ ಮುದ್ರಣಾಲಯ ಸೇರಬೇಕು. ತರಕಾರಿಯನ್ನೋ ಸಿಮೆಂಟನ್ನೋ ಸಾಗಿಸಲು ಬೊಲೆರೊ ಪಿಕಪ್ಪು, ಟಾಟಾ ಏಸುಗಳನ್ನು ಸೆಕೆಂಡ್ ಹ್ಯಾಂಡಿನಲ್ಲಿ ಹುಡುಕುವ ರೈತರು ಮತ್ತು ಸಣ್ಣ ವ್ಯಾಪಾರಿಗಳು ಇದರ ಓದುಗರು. ಸ್ಟೇರಿಂಗಿನ ಸಾಲಿನಲ್ಲಿಯೂ ಕ್ಲಚ್ ಪೆಡಲಿನ ಸಾಲಿನಲ್ಲಿಯೂ ‘ಫ್ರೀ ಪ್ಲೇ’ (ಚಕ್ರವನ್ನೋ ಪೆಡಲನ್ನೋ ಅಲುಗಿಸಿದಾಗ ಕೆಲಸ ಶುರುವಾಗುವ ಮುನ್ನ ಅದು ಸುಮ್ಮನೆ ಚಲಿಸುವ ಅಲ್ಪ ದೂರ) ಬರುತ್ತದೆ; ಎರಡಕ್ಕೂ ಹೊಂದುವ ಒಂದೇ ಪದ ಬೇಕು. ಸದ್ಯಕ್ಕೆ ‘ಸಡಿಲ’ ಎಂದು ಬರೆದಿದ್ದೇನೆ, ಆದರೆ ಮನಸ್ಸಿಗೆ ಒಪ್ಪಿಲ್ಲ. ‘ಬ್ಲೋ-ಬೈ’ಗೂ, ಅಂದರೆ ಸವೆದ ಎಂಜಿನ್ನಿನಲ್ಲಿ ಪಿಸ್ಟನ್ನನ್ನು ದಾಟಿ ಅನಿಲ ಸೋರುವುದಕ್ಕೂ, ಏನಾದರೂ ಇದ್ದರೆ ತಿಳಿಸಿ.

ಮೊದಲ ಉತ್ತರ:
‘ಮುಕ್ತ ಚಲನೆ’. ‘ಬ್ಲೋ-ಬೈ’ಗೆ ‘ಅನಿಲ ಪಾರ್ಶ್ವಸ್ರಾವ’. ತಾಂತ್ರಿಕ ಬರಹಕ್ಕೆ ಸಂಸ್ಕೃತದ ಧಾತುಗಳು ಕೊಡುವ ನಿಖರತೆಯನ್ನು ಬೀದಿಯ ಮಾತು ಕೊಡಲಾರದು. ಇದರಲ್ಲಿ ಚರ್ಚಿಸುವಂಥದ್ದು ಏನಿದೆಯೋ ತಿಳಿಯದು.

ಎರಡನೆಯ ಉತ್ತರ:
‘ಪಾರ್ಶ್ವಸ್ರಾವ’ವಾದವರನ್ನು ಆಸ್ಪತ್ರೆಗೆ ಕಳುಹಿಸಬೇಕು, ಗ್ಯಾರೇಜಿಗಲ್ಲ. ‘ಸಡಿಲ’ವೂ ‘ಶಿಥಿಲ’ದ ತದ್ಭವವೇ ಆದ್ದರಿಂದ ಅದನ್ನೂ ಬಿಡಿ. ‘ಬಿಡುನಡೆ’ ಎನ್ನಿ. ಕರಪತ್ರದಲ್ಲಿ ‘ರಿಪೇರಿ’ ಎಂದಿದ್ದರೆ ದಯವಿಟ್ಟು ‘ದುರಸ್ತಿ’ ಎಂದು ತಿದ್ದಿ; ನಮ್ಮದೇ ಪದವಿರುವಾಗ ಎರವಲೇಕೆ?

ಮೂರನೆಯ ಉತ್ತರ:
‘ದುರಸ್ತಿ’ ಫಾರಸಿಯದು. ಅದಿರಲಿ.

‘ಸಡಿಲ’ ಏಕೆ ಒಪ್ಪುವುದಿಲ್ಲ ಎಂಬುದಕ್ಕೆ ಕಾರಣವನ್ನು ವ್ಯುತ್ಪತ್ತಿಯಲ್ಲಿ ಹುಡುಕುವ ಬದಲು ಗಾಡಿಯಲ್ಲಿ ಹುಡುಕಬೇಕು. ಸಡಿಲವೆಂದರೆ ದೋಷ, ಫ್ರೀ ಪ್ಲೇ ತನ್ನಷ್ಟಕ್ಕೆ ತಾನೇ ದೋಷವಲ್ಲ. ಕೇಬಲ್ಲಿನಿಂದ ಎಳೆಯುವ ಕ್ಲಚ್ಚಿನಲ್ಲಿ ಪೆಡಲು ಮೊದಲ ಸ್ವಲ್ಪ ದೂರ ಯಾವ ಕೆಲಸವನ್ನೂ ಮಾಡದೆ ಇಳಿಯಲೇಬೇಕು; ಅಷ್ಟೂ ಇಲ್ಲದಿದ್ದರೆ ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗು ಸದಾ ಒತ್ತಿಕೊಂಡೇ ತಿರುಗಿ ಸವೆಯುತ್ತದೆ, ಕ್ಲಚ್ಚು ಪೂರ್ತಿ ಹಿಡಿಯದೆ ಲೋಡು ಹೊತ್ತ ಗಾಡಿ ಏರಿನಲ್ಲಿ ಜಾರತೊಡಗುತ್ತದೆ. ಸ್ಟೇರಿಂಗಿನಲ್ಲಿಯೂ ಹೀಗೆಯೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 98ನೆಯದು ಸ್ಟೇರಿಂಗ್ ಚಕ್ರದಲ್ಲಿ 30 ಡಿಗ್ರಿಯವರೆಗೆ ಇದನ್ನು ಸಹಿಸುತ್ತದೆ. ಅದನ್ನು ಮೀರಿದರೆ ಟೈ ರಾಡ್ ಎಂಡ್, ಕಿಂಗ್ ಪಿನ್, ಸ್ಟೇರಿಂಗ್ ಬಾಕ್ಸ್ ಇವುಗಳಲ್ಲಿ ಯಾವುದು ಸವೆದಿದೆಯೆಂದು ಗಾಡಿಯ ಕೆಳಗೆ ಮಲಗಿ ನೋಡಬೇಕು. ಇನ್ನು ‘ಮುಕ್ತ ಚಲನೆ’ಯಂತೂ ಅಪಾಯಕಾರಿ: ‘ಸ್ಟೇರಿಂಗಿನ ಮುಕ್ತ ಚಲನೆ ಹೆಚ್ಚಿದೆ’ ಎಂದು ಓದಿದ ರೈತನು ಚಕ್ರ ಹಗುರವಾಗಿ ತಿರುಗುತ್ತದೆಂದು ಮೆಚ್ಚಿ ಮುಂಗಡ ಕೊಟ್ಟುಬಿಟ್ಟಾನು.

ಬೇಕಾದ ಪದ ಗ್ಯಾರೇಜಿನಲ್ಲಿ ಈಗಾಗಲೇ ಇದೆ, ‘ಆಟ’. ಇದು ಇಂಗ್ಲಿಷಿನ ‘ಪ್ಲೇ’ಯ ಪಡಿಯಚ್ಚು ಎಂದು ಯಾರಾದರೂ ಹೇಳುವ ಮುನ್ನವೇ ಹೇಳಿಬಿಡುತ್ತೇನೆ: ‘ಆಡು’ ಎಂಬುದಕ್ಕೆ ಅಲುಗು, ಚಲಿಸು ಎಂಬ ಅರ್ಥ ನಮ್ಮಲ್ಲಿ ಹಿಂದಿನಿಂದಲೂ ಇದೆ. ಹಲ್ಲು ಆಡುತ್ತದೆ, ಗಾಳಿಯಾಡುತ್ತದೆ, ಕೀಲು ಆಡುತ್ತದೆ. ತಮಿಳಿನ ‘ಆಟ್ಟಂ’ಗೂ ಅಲುಗಾಟದ ಅರ್ಥವುಂಟು.

‘ಬ್ಲೋ-ಬೈ’ಗೆ ಮೆಕ್ಯಾನಿಕ್ಕುಗಳು ‘ಬ್ಯಾಕ್ ಕಂಪ್ರೆಷನ್’ ಎನ್ನುತ್ತಾರೆ. ಪಿಸ್ಟನ್ನಿನ ರಿಂಗು, ಬೋರು ಸವೆದು ಉರಿದ ಅನಿಲ ಕ್ರ್ಯಾಂಕ್ ಕೇಸಿಗೆ ನುಗ್ಗುವುದು ಅದು. ಇದಕ್ಕೆ ನಾಮಪದವನ್ನು ಟಂಕಿಸುವ ಗೋಜಿಗೆ ಹೋಗದೆ, ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆದರೆ ಬುಸುಬುಸು ಹೊಗೆ ಬರುತ್ತದೆಯೇ ಎಂದು ಕೇಳಿದರೆ ಸಾಕು. ಗಾಡಿಯ ಭಾಗಗಳ ಹೆಸರು ಭಾಗಗಳೊಂದಿಗೇ ಬಂದವು. ಅವಕ್ಕೆ ಏನಾಗಿದೆಯೆಂಬುದನ್ನು ಜನ ಕನ್ನಡದ ಕ್ರಿಯಾಪದಗಳಲ್ಲಿಯೇ ಹೇಳುತ್ತಾರೆ: ಗೇರು ಹಾರುತ್ತದೆ, ಬ್ಲೇಡ್ ಸೆಟ್ಟು (ಲೀಫ್ ಸ್ಪ್ರಿಂಗು) ಕೂತಿದೆ, ಎಂಜಿನ್ನು ಆಯಿಲ್ ಕುಡಿಯುತ್ತದೆ, ಬ್ರೇಕು ಒಂದೇ ಕಡೆಗೆ ಎಳೆಯುತ್ತದೆ. ಅನುವಾದಕರು ಹೆಸರುಗಳ ಮೇಲೆ ಹರಿಸುವ ಶ್ರಮದಲ್ಲಿ ಅರ್ಧವನ್ನಾದರೂ ಈ ಕ್ರಿಯಾಪದಗಳಿಗೆ ಕೊಟ್ಟರೆ ಒಳ್ಳೆಯದು.

ಎರಡನೆಯ ಉತ್ತರದವರು ಮತ್ತೆ:
ಫಾರಸಿಯ ಪದಗಳು ನುಡಿಯಲ್ಲಿ ಕರಗಿ ಶತಮಾನಗಳಾದವು. ಅವನ್ನು ಇಂಗ್ಲಿಷಿನೊಂದಿಗೆ ಸೇರಿಸಿ ತೂಗುವುದು ಸರಿಯಲ್ಲ. ‘ಬ್ಲೇಡ್ ಸೆಟ್ಟು’ ಎಂದು ಬರೆದವರು ‘ಕಮಾನುಪಟ್ಟಿ’ ಎಂಬ ಅಚ್ಚಗನ್ನಡ ಪದವನ್ನು ಕೇಳಿಯೇ ಇಲ್ಲವೆಂದು ತೋರುತ್ತದೆ. ‘ಆಟ’ಕ್ಕೆ ನನ್ನ ಆಕ್ಷೇಪವಿಲ್ಲ.

ಮೂರನೆಯ ಉತ್ತರದವರು:
‘ಕಮಾನು’ ಬಿಲ್ಲೆಂಬ ಅರ್ಥದ ಫಾರಸಿ, ‘ಪಟ್ಟಿ’ ಸಂಸ್ಕೃತದ ‘ಪಟ್ಟ’ದಿಂದ ಬಂದದ್ದು; ಅಚ್ಚಗನ್ನಡದ ಪಾಲು ಎಷ್ಟು ಉಳಿಯಿತೆಂದು ತಾವೇ ಲೆಕ್ಕ ಹಾಕಬಹುದು. ಹಳತಾದುದೇ ಹಕ್ಕಾಗುವುದಾದರೆ ಬಸ್ಸು, ರೈಲುಗಳಿಗೆ ಆ ಹಕ್ಕು ಯಾವ ವರ್ಷದಿಂದ ಬಂತೆಂದು ತಿಳಿಸಬೇಕು. ಅದೂ ಅಲ್ಲದೆ ‘ಕಮಾನು ಕುಸಿದಿದೆ’ ಎಂದು ಓದಿದವರಿಗೆ ಊರ ಮುಂದಿನ ಸ್ವಾಗತ ಕಮಾನು ನೆನಪಾಗುತ್ತದೆಯೇ ಹೊರತು, ವರ್ಷಗಟ್ಟಲೆ ಅತಿಭಾರ ಹೊತ್ತು ಬಾಗು ಕಳೆದುಕೊಂಡು ಚಪ್ಪಟೆಯಾದ ಹಿಂಬದಿಯ ಸ್ಪ್ರಿಂಗು ನೆನಪಾಗುವುದಿಲ್ಲ. ಉತ್ತರ ಕರ್ನಾಟಕಕ್ಕೂ ಕರಪತ್ರ ಹೋಗುವುದಾದರೆ ಪಕ್ಕದಲ್ಲಿ ‘ಪಾಟಾ’ ಎಂದು ಸೇರಿಸಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ‘ಸ್ಟೇರಿಂಗಿನ ಆಟ 30 ಡಿಗ್ರಿಯನ್ನು ಮೀರಿರಬಾರದು’, ‘ಕ್ಲಚ್ ಪೆಡಲಿಗೆ ಸ್ವಲ್ಪ ಆಟ ಇರಲೇಬೇಕು’, ‘ಬ್ಲೇಡ್ ಸೆಟ್ಟು (ಪಾಟಾ) ಕೂತಿದೆಯೇ?’ ಎಂದು ಬರೆದು ಕಳುಹಿಸುತ್ತಿದ್ದೇನೆ. ಬ್ಲೋ-ಬೈಗೆ ಆಯಿಲ್ ಮುಚ್ಚಳದ ಸಾಲನ್ನೇ ಹಾಕಿದ್ದೇನೆ. ‘ರಿಪೇರಿ’ ಹಾಗೆಯೇ ಇದೆ.

ಮೊದಲ ಉತ್ತರದವರು:
‘ಮುಕ್ತ ಚಲನೆ’ಯನ್ನು ಅಡಿಟಿಪ್ಪಣಿಯಲ್ಲಾದರೂ ಕೊಡಬಹುದಿತ್ತು.